ಘೋಷಣೆಯಾದ ದುಡ್ಡು ಖಾತೆಗೆ ಬರಬೇಕಾದರೆ

2021ರ ಮೇ 19ರಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 1,250 ಕೋಟಿ ರೂಪಾಯಿಯ ಕೋವಿಡ್ ಪ್ಯಾಕೇಜ್ ಪ್ರಕಟಿಸಿದಾಗ, ಹನುಮಂತನಗರದ ನಮ್ಮ ಬೀದಿ ತುದಿಯಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದ ಅಣ್ಣನಿಗೆ ಸುದ್ದಿ ಮುಟ್ಟಿಸಿದ್ದು ನಾನೇ. ಅವರ ಕಸುಬಿನವರಿಗೆ 2,000 ರೂಪಾಯಿ ಇತ್ತು. ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಿದೆವು, ಮಂಜೂರೂ ಆಯಿತು. ಪಾಸ್‌ಬುಕ್‌ನಲ್ಲಿ ಮಾತ್ರ ಏನೂ ಇಲ್ಲ. ಮೂರು ಸಲ ಬ್ಯಾಂಕಿಗೆ ಅಲೆದ ಮೇಲೆ ತಿಳಿಯಿತು: ಹಣ ಬಂದಿದೆ, ಆದರೆ ಅವರಿಗೆ ಗೊತ್ತೇ ಇಲ್ಲದ ಬೇರೊಂದು ಖಾತೆಗೆ. ಹಿಂದೆಂದೋ ಸಿಮ್ ಕೊಳ್ಳುವಾಗ ಯಂತ್ರದ ಮೇಲೆ ಬೆರಳಿಟ್ಟಿದ್ದರಲ್ಲ, ಆಗಲೇ ಅವರ ಹೆಸರಿನಲ್ಲಿ ಆ ಖಾತೆಯೂ ಹುಟ್ಟಿಕೊಂಡಿತ್ತು. ಲಾಕ್‌ಡೌನಿನಲ್ಲಿ ಗಾಡಿ ಮುಚ್ಚಿ, ಮನೆ ಬಾಡಿಗೆಗೆ ಪರದಾಡುತ್ತಿದ್ದ ಆ ಮನುಷ್ಯನ ದುಡ್ಡು ಅಷ್ಟು ದಿನವೂ ಅಲ್ಲೇ ಬಿದ್ದಿತ್ತು.

ಕಷ್ಟಕಾಲದಲ್ಲಿ ಸರ್ಕಾರ ನೆರವು ಘೋಷಿಸುವುದು ಒಂದು ದಿನದ ಕೆಲಸ. ಅದು ಯಾರಿಗೆ ಸಿಗುತ್ತದೆ, ಯಾರಿಗೆ ತಪ್ಪುತ್ತದೆ ಎಂಬುದು ಬಹುಪಾಲು ಆ ದಿನಕ್ಕೆ ಮೊದಲೇ ನಿರ್ಧಾರವಾಗಿರುತ್ತದೆ. ಹಾಗಾಗಿ ಇಲ್ಲಿ ಬರೆದಿರುವುದರಲ್ಲಿ ಅರ್ಧದಷ್ಟು ಕೆಲಸ ಕೋವಿಡ್‌ನಂಥ ಇನ್ನೊಂದು ರೋಗ ಬರುವ ಮೊದಲೇ ಮಾಡಿಕೊಳ್ಳಬೇಕಾದ್ದು. ಓದುವ ನಿಮಗೆ ಈ ನೆರವು ಬೇಕಿಲ್ಲದೆ ಇರಬಹುದು. ನಿಮ್ಮ ಮನೆಗೆಲಸಕ್ಕೆ ಬರುವ ಅಕ್ಕನಿಗೆ, ಅಪಾರ್ಟ್‌ಮೆಂಟಿನ ಕಾವಲುಗಾರರಿಗೆ, ಸೊಪ್ಪು ಮಾರುವ ಅಜ್ಜಿಗೆ ಬೇಕು. ಅವರ ಜತೆ ಕೂತು ಮಾಡಿಕೊಡಿ.

ಮೊದಲು ಆಧಾರ್ ಯಾವ ಖಾತೆಗೆ ಅಂಟಿದೆ ನೋಡಿ

ನೇರ ವರ್ಗಾವಣೆಯ ಹಣ ನೀವು ಅರ್ಜಿಯಲ್ಲಿ ಬರೆದ ಖಾತೆಗೇ ಬರುತ್ತದೆ ಎಂದು ನಂಬಿಕೊಂಡವರು ಬಹಳ. ಆಧಾರ್ ಆಧಾರಿತ ಪಾವತಿ ಹಾಗೆ ನಡೆಯುವುದಿಲ್ಲ. ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ಒಂದು ಆಧಾರ್ ಸಂಖ್ಯೆಗೆ ಒಂದೇ ಬ್ಯಾಂಕ್ ಇರುತ್ತದೆ. ಕೊನೆಯದಾಗಿ ಜೋಡಿಸಿದ ಬ್ಯಾಂಕ್ ಯಾವುದೋ ಅದೇ. ನಾಲ್ಕು ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟಿದ್ದರೂ ಹಣ ಹೋಗುವುದು ಆ ಒಂದಕ್ಕೇ. ಬ್ಯಾಂಕಿನವರು ‘ನಿಮ್ಮ ಆಧಾರ್ ಲಿಂಕ್ ಆಗಿದೆ’ ಎಂದರೂ ಅದು ಖಾತೆಯ ಕೆವೈಸಿಗೆ, ಅಂದರೆ ಗುರುತಿನ ದಾಖಲೆಗೆ ಮಾತ್ರ ಲಿಂಕ್ ಆಗಿರಬಹುದು. ಆದ್ದರಿಂದ ಕೇಳುವಾಗ ‘ಡಿಬಿಟಿಗೆ (ನೇರ ವರ್ಗಾವಣೆಗೆ) ಸೀಡಿಂಗ್ ಆಗಿದೆಯಾ?’ ಎಂದೇ ಕೇಳಿ.

ಮನೆಯಲ್ಲೇ ನೋಡಿಕೊಳ್ಳಬೇಕೆಂದರೆ ‘ಮೈ ಆಧಾರ್’ ಜಾಲತಾಣಕ್ಕೆ ಹೋಗಿ, ಒಟಿಪಿ ಹಾಕಿ ಒಳಹೊಕ್ಕು, ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿ. ಬ್ಯಾಂಕಿನ ಹೆಸರು, ಅದು ಚಾಲ್ತಿಯಲ್ಲಿದೆಯೇ ಎಂಬುದು ಕಾಣುತ್ತದೆ. ಬಂದ ಹಣದ ವಿವರ ನೋಡಲು ‘ಡಿಬಿಟಿ ಕರ್ನಾಟಕ’ ಆ್ಯಪ್ ಇದೆ. ಇವೆರಡಕ್ಕೂ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಕೈಯಲ್ಲಿರಬೇಕು. ನಂಬರ್ ಬದಲಾಯಿಸಿ ಆಧಾರ್‌ನಲ್ಲಿ ಹಳೆಯದನ್ನೇ ಉಳಿಸಿಕೊಂಡವರು ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಅದನ್ನು ಸರಿಮಾಡಿಸಿಕೊಳ್ಳಲಿ. ಲಾಕ್‌ಡೌನ್ ಬಿದ್ದ ಮೇಲೆ ಆ ಕೇಂದ್ರಗಳೇ ಬಾಗಿಲು ಹಾಕಿದರೆ ಏನೂ ಮಾಡಲು ಬರುವುದಿಲ್ಲ.

ನಿಮ್ಮ ಹೆಸರು ಯಾವ ಪಟ್ಟಿಯಲ್ಲಿದೆ?

ಸರ್ಕಾರ ನೆರವು ಕೊಡುವುದು ಬಡವರು ಎಂಬ ಲೆಕ್ಕದಲ್ಲಲ್ಲ, ವರ್ಗದ ಲೆಕ್ಕದಲ್ಲಿ. 2020ರ ಮೇನಲ್ಲಿ ಆಟೋ–ಟ್ಯಾಕ್ಸಿ ಚಾಲಕರು, ಕ್ಷೌರಿಕರು, ಬಟ್ಟೆ ಒಗೆಯುವವರಿಗೆ ತಲಾ 5,000 ರೂಪಾಯಿ ಘೋಷಣೆಯಾಯಿತು. 2021ರಲ್ಲಿ ಚಾಲಕರು, ಕಟ್ಟಡ ಕಾರ್ಮಿಕರು, ಕಲಾವಿದರಿಗೆ 3,000. ಬೀದಿ ವ್ಯಾಪಾರಿಗಳು, ಟೈಲರ್‌ಗಳು, ಹಮಾಲರು, ಮನೆಗೆಲಸದವರು ಮೊದಲಾದವರಿಗೆ 2,000. ಮೊತ್ತ ಸಣ್ಣದು, ನಿಜ. ಕೆಲಸ ನಿಂತ ಮನೆಗೆ ಅದು ಹತ್ತು ದಿನದ ದಿನಸಿ.

ಕಟ್ಟಡ ಕೆಲಸದವರು ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿರಬೇಕು. ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು, ವಯಸ್ಸು 18ರಿಂದ 60ರೊಳಗಿರಬೇಕು. ಗಾರೆ ಕೆಲಸದವರಷ್ಟೇ ಅಲ್ಲ. ಬಣ್ಣ ಬಳಿಯುವವರು, ಪ್ಲಂಬರ್‌ಗಳೂ ಇದರಲ್ಲಿ ಸೇರುತ್ತಾರೆ ಎಂಬುದು ಅನೇಕರಿಗೆ ಗೊತ್ತಿಲ್ಲ. ತಳ್ಳುಗಾಡಿಯವರಿಗೆ ಪಾಲಿಕೆಯ ಸಮೀಕ್ಷೆಯಲ್ಲಿ ಹೆಸರು ಬಂದಿರುವುದು, ವ್ಯಾಪಾರಿ ಗುರುತಿನ ಚೀಟಿ ಇರುವುದು ಮುಖ್ಯ. 2020ರ ಜೂನ್‌ನಲ್ಲಿ ಶುರುವಾದ, ಬೀದಿ ವ್ಯಾಪಾರಿಗಳ ಪಿಎಂ ಸ್ವನಿಧಿ ಯೋಜನೆಯ 10,000 ರೂಪಾಯಿ ಸಾಲಕ್ಕೂ ಅದೇ ಚೀಟಿ ದಾರಿ ಮಾಡಿತು. ಸಮೀಕ್ಷೆಯಲ್ಲಿ ಬಿಟ್ಟುಹೋದವರು ಪಾಲಿಕೆಯಿಂದ ಶಿಫಾರಸು ಪತ್ರ ತರಬೇಕಾಯಿತು. ಚಾಲಕರ ಲೈಸೆನ್ಸ್, ಗಾಡಿಯ ದಾಖಲೆ ಚಾಲ್ತಿಯಲ್ಲಿರಲಿ.

ಇನ್ನುಳಿದ ಅಸಂಘಟಿತ ಕಾರ್ಮಿಕರೆಲ್ಲ ಕೇಂದ್ರ ಸರ್ಕಾರದ ನೋಂದಣಿ ತಾಣ ಇ–ಶ್ರಮ್‌ನಲ್ಲಿ ಹೆಸರು ಬರೆಸಿ. 16ರಿಂದ 59 ವರ್ಷದ, ಪಿಎಫ್, ಇಎಸ್‌ಐ ಇಲ್ಲದ ಯಾರಿಗಾದರೂ 12 ಅಂಕಿಯ ಸಂಖ್ಯೆ ಸಿಗುತ್ತದೆ. ನೋಂದಣಿ ಉಚಿತ. ಇದು 2021ರ ಆಗಸ್ಟ್‌ನಲ್ಲಿ ಶುರುವಾಯಿತು, ಅಂದರೆ ಎರಡನೇ ಅಲೆ ಮುಗಿದ ಮೇಲೆ. ಮೇ ತಿಂಗಳಲ್ಲಿ ನೆರವು ಕೇಳಲು ಹೋದ ಮನೆಗೆಲಸದ ಹೆಂಗಸರು ‘ನಾನು ಈ ಕೆಲಸ ಮಾಡುತ್ತೇನೆ’ ಎಂದು ತೋರಿಸುವ ಪ್ರಮಾಣಪತ್ರಕ್ಕೆ ಓಡಾಡಿ ಸುಸ್ತಾಗಿದ್ದರು.

ಸುದ್ದಿ ಸಾಲದು, ಆದೇಶ ಹುಡುಕಿ

ಟಿವಿಯಲ್ಲಿ ಬಂದದ್ದು ಘೋಷಣೆ. ಯಾರು ಅರ್ಹರು, ಯಾವ ದಾಖಲೆ ಬೇಕು, ಕೊನೆಯ ದಿನ ಯಾವುದು ಎಂಬುದೆಲ್ಲ ತಿಳಿಯುವುದು ಇಲಾಖೆಯ ಆದೇಶ ಹೊರಬಿದ್ದ ಮೇಲೆ. ವಾಟ್ಸ್‌ಆ್ಯಪ್‌ಗೆ ಬಂದ ಕಾಗದ ಅಸಲಿಯೇ ಎಂದು ನೋಡಲು ಕೆಲವು ಗುರುತುಗಳಿವೆ. ರಾಜ್ಯದ ಆದೇಶದ ತಲೆಯಲ್ಲಿ ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂದಿರುತ್ತದೆ. ಆಮೇಲೆ ವಿಷಯ, ‘ಓದಲಾಗಿದೆ’, ಪ್ರಸ್ತಾವನೆ, ಆದೇಶದ ಸಂಖ್ಯೆ, ದಿನಾಂಕ. ಕೊನೆಯಲ್ಲಿ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬ ಸಾಲಿನ ಕೆಳಗೆ ಅಧಿಕಾರಿಯ ಸಹಿ. ಇಷ್ಟಿದ್ದರೂ ಕಾಗದವನ್ನು ನಕಲು ಮಾಡುವವರಿದ್ದಾರೆ. ಅದೇ ಸಂಖ್ಯೆಯ ಆದೇಶ ಇಲಾಖೆಯ ಜಾಲತಾಣದಲ್ಲಿದೆಯೇ ನೋಡಿ. ವಿಳಾಸ ‘ಜಿಒವಿ ಡಾಟ್ ಇನ್’ ಎಂದು ಮುಗಿಯಬೇಕು. ನೆರವು ಕೊಡುತ್ತೇವೆಂದು ಒಟಿಪಿ ಕೇಳಿದವರಿಗೆ ಕೊಡಬೇಡಿ. ಕೊಟ್ಟು ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಅರ್ಜಿ ಹಾಕುವುದು ಇಡೀ ಕೆಲಸದಲ್ಲಿ ಸುಲಭದ ಭಾಗ. ಸೇವಾ ಸಿಂಧುವಿನಲ್ಲಿ ನೀವೇ ಹಾಕಬಹುದು, ಆಗದಿದ್ದರೆ ಬೆಂಗಳೂರು ಒನ್ ಕೇಂದ್ರವಿದೆ. ಸ್ವೀಕೃತಿ ಸಂಖ್ಯೆಯನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದು, ಕಾಗದದ ಮೇಲೂ ಬರೆದಿಡಿ.

ರೇಷನ್ ಬಗ್ಗೆ ಒಂದೇ ಮಾತು. ಯಾದಗಿರಿಯಲ್ಲೋ ರಾಯಚೂರಿನಲ್ಲೋ ಕಾರ್ಡ್ ಇದ್ದವರು ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳೊತ್ತಿ ಪಡೆಯಬಹುದು. ಒಂದು ದೇಶ ಒಂದು ಪಡಿತರ ವ್ಯವಸ್ಥೆಯಲ್ಲಿ ಹೊರರಾಜ್ಯದವರಿಗೂ ಅವಕಾಶವಿದೆ. ಅಂಗಡಿಯವರು ‘ನಿಮ್ಮೂರಲ್ಲೇ ತಗೊಳ್ಳಿ’ ಎಂದರೆ 1967ಕ್ಕೆ ದೂರು ಕೊಡಿ.

ಆರೋಗ್ಯದ ಮಾಹಿತಿ

ಎರಡನೇ ಅಲೆಯಲ್ಲಿ ಈ ಊರು ಒಂದು ಭಾಷೆಯನ್ನೇ ಕಲಿತುಬಿಟ್ಟಿತ್ತು. ಎಸ್‌ಆರ್‌ಎಫ್ ಐಡಿ ಬಂತಾ? ಬಿಯು ನಂಬರ್ ಜನರೇಟ್ ಆಯ್ತಾ? ಗಂಟಲ ದ್ರವ ಕೊಟ್ಟಾಗ ಸಿಗುತ್ತಿದ್ದದ್ದು ಮೊದಲನೆಯದು, ಪಾಸಿಟಿವ್ ಬಂದವರಿಗೆ ಬೆಂಗಳೂರು ನಗರದ ಲೆಕ್ಕದಲ್ಲಿ ಬರುತ್ತಿದ್ದದ್ದು ಎರಡನೆಯದು. ಪಾಲಿಕೆಯ ಹಾಸಿಗೆ ಹಂಚಿಕೆಗೆ ಆ ನಂಬರೇ ಕೀಲಿಕೈ. ಕರೆಂಟ್ ಹೋದಾಗ ಒತ್ತುತ್ತಿದ್ದ 1912ಕ್ಕೆ ಜನ ಹಾಸಿಗೆ ಕೇಳಿಕೊಂಡು ರಾತ್ರಿಯೆಲ್ಲ ಕರೆ ಮಾಡಿದರು.

ಮುಂದಿನ ಸಲ ಹೆಸರು, ನಂಬರ್ ಬದಲಾಗಬಹುದು. ಪಾಲಿಕೆಯೇ ಬದಲಾಗಿದೆ, 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳಿವೆ. ನಿಮ್ಮ ಮನೆ ಯಾವುದರಲ್ಲಿ ಬರುತ್ತದೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಎಲ್ಲಿದೆ, ನಿಮ್ಮ ಬೀದಿಗೆ ಬರುವ ಆಶಾ ಕಾರ್ಯಕರ್ತೆ ಯಾರು, ಈ ಮೂರನ್ನು ಈಗಲೇ ತಿಳಿದುಕೊಳ್ಳಿ. ಪಾಲಿಕೆಯ ಕೋವಿಡ್ ವಾರ್ ರೂಮಿನ ಫೋನು ಎಂಗೇಜ್ ಬರುತ್ತಿದ್ದಾಗ ನಮ್ಮ ಬೀದಿಯ ಇಬ್ಬರು ವೃದ್ಧರಿಗೆ ಔಷಧದ ಕಿಟ್ ತಂದುಕೊಟ್ಟದ್ದು ಆಶಾ ಅಕ್ಕ. ಆಂಬುಲೆನ್ಸಿಗೆ 108, ಆರೋಗ್ಯ ಸಲಹೆಗೆ 104. ಮನಸ್ಸು ಕುಸಿದರೆ ಟೆಲಿ ಮಾನಸ್‌ನ 14416. ಇದರ ಹಿಂದೆ ನಿಮ್ಹಾನ್ಸ್ ಇದೆ, ಕನ್ನಡದಲ್ಲೇ ಮಾತಾಡಬಹುದು.

ಅಂಕಿ–ಅಂಶಕ್ಕೆ ಆರೋಗ್ಯ ಇಲಾಖೆಯ ದಿನದ ಬುಲೆಟಿನ್ ನೋಡಿ, ಸಾಕು. ದಿನಕ್ಕೆ ಒಮ್ಮೆ ನೋಡಿ.

ದುಡ್ಡಿನ ದೃಷ್ಟಿಯಿಂದ ತುಂಬ ಮುಖ್ಯವಾದ ಒಂದು ಸಂಗತಿ ಇಲ್ಲಿದೆ. ಕೋವಿಡ್ ಕಾಲದಲ್ಲಿ ಪಾಲಿಕೆಯ ಮೂಲಕ ಖಾಸಗಿ ಆಸ್ಪತ್ರೆ ಸೇರಿದವರ ಬಿಲ್ಲನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಸರ್ಕಾರ ಭರಿಸಿತು. ಅದೇ ಆಸ್ಪತ್ರೆಗೆ ನೇರ ಹೋಗಿ ಸೇರಿದವರು ತಾವೇ ಕಟ್ಟಿದರು. ಉಸಿರಾಟದ ತೊಂದರೆ ಇದ್ದಾಗ ಕಾಯುತ್ತ ಕೂರಬೇಡಿ, ಜೀವ ಮೊದಲು. ಆದರೆ ಒಬ್ಬರು ರೋಗಿಯ ಜತೆ ಓಡುವಾಗ ಇನ್ನೊಬ್ಬರು ಸಹಾಯವಾಣಿಯಲ್ಲಿ ಹೆಸರು ದಾಖಲಿಸುತ್ತಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡನ್ನೂ ಮೊದಲೇ ಮಾಡಿಸಿಡಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಉಳಿದವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ಗರಿಷ್ಠ 1.5 ಲಕ್ಷ.

ಮನೆಯಲ್ಲಿ ಸಾವಾದರೆ

ಇದನ್ನು ಬರೆಯಲು ಸಂಕಟವಾಗುತ್ತದೆ. ಆದರೂ ಹೆಚ್ಚು ಜನ ಹಕ್ಕಿನ ಹಣ ಕಳೆದುಕೊಳ್ಳುವುದು ಇಲ್ಲಿಯೇ. ಅಳುವ ಮನೆಯಲ್ಲಿ ಕಾಗದ ಎತ್ತಿಡುವವರು ಇರುವುದಿಲ್ಲ. ನೆಂಟರಲ್ಲಿ ಒಬ್ಬರು ಆ ಹೊಣೆ ಹೊರಲಿ.

ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಇರುವುದಿಲ್ಲ. ಅದಕ್ಕೆ ಆಸ್ಪತ್ರೆಯವರು ಕೊಡುವ ಕಾರಣದ ನಮೂನೆ ಬೇರೆ ಬೇಕು. ಪರೀಕ್ಷಾ ವರದಿ, ಡಿಸ್ಚಾರ್ಜ್ ಅಥವಾ ಡೆತ್ ಸಮರಿಯನ್ನೂ ಜತೆಗಿಡಿ. 2021ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ 50,000 ರೂಪಾಯಿ ಕೋವಿಡ್ ಸಾವಿನ ಪರಿಹಾರಕ್ಕೆ, ಸೋಂಕು ಪತ್ತೆಯಾದ 30 ದಿನದೊಳಗೆ ಸತ್ತಿರಬೇಕೆಂಬ ನಿಯಮವಿತ್ತು. ಆಸ್ಪತ್ರೆಯ ಹೊರಗೆ ಸತ್ತರೂ ಲೆಕ್ಕಕ್ಕೆ ಬರುತ್ತಿತ್ತು. ದುಡಿಯುವವರನ್ನು ಕಳೆದುಕೊಂಡ ಬಿಪಿಎಲ್ ಕುಟುಂಬಕ್ಕೆ ರಾಜ್ಯ ಸರ್ಕಾರ 1 ಲಕ್ಷ ಘೋಷಿಸಿತು. ಕಾರಣದ ಬಗ್ಗೆ ತಕರಾರಿದ್ದರೆ ಜಿಲ್ಲಾ ಸಮಿತಿಗೆ ಮನವಿ ಕೊಡಬಹುದಿತ್ತು. 2022ರ ಮಾರ್ಚ್‌ನಲ್ಲಿ ಕೋರ್ಟ್ ಗಡುವನ್ನೂ ಹಾಕಿತು: ಹಳೆಯ ಸಾವುಗಳಿಗೆ 60 ದಿನ, ಮುಂದಿನವುಗಳಿಗೆ 90 ದಿನ. ದುಃಖ ಆರಲಿ ಎಂದು ಕಾದವರಿಗೆ ದಿನ ಮೀರಿತು.

ಪರಿಹಾರಕ್ಕಿಂತ ದೊಡ್ಡ ಮೊತ್ತ ಎಷ್ಟೋ ಸಲ ಸತ್ತವರ ಪಾಸ್‌ಬುಕ್‌ನಲ್ಲಿ ಅಡಗಿರುತ್ತದೆ. ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗಿದೆಯೇ ಹುಡುಕಿ; 2022ರ ಜೂನ್‌ಗಿಂತ ಮೊದಲು ಅದು 330 ಇತ್ತು. ಇದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು. ನಾಮಿನಿಗೆ 2 ಲಕ್ಷ ಬರಬೇಕು, ಸಾವು ಯಾವ ರೋಗದಿಂದಾದರೂ ಸರಿ. ಪಿಎಫ್ ಇದ್ದು ನೌಕರಿಯಲ್ಲಿರುವಾಗ ತೀರಿಕೊಂಡಿದ್ದರೆ ಪಿಎಫ್ ಹಣದ ಜತೆಗೆ ಇಡಿಎಲ್‌ಐ ವಿಮೆ ಇದೆ, ಗರಿಷ್ಠ 7 ಲಕ್ಷ. ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಂಗಸರಲ್ಲಿ ಎಷ್ಟೋ ಜನರ ಸಂಬಳದಿಂದ ಪಿಎಫ್ ಹಿಡಿಯುತ್ತಾರೆ, ಅವರ ಮನೆಯವರಿಗೆ ಈ ವಿಮೆಯ ಹೆಸರೇ ಗೊತ್ತಿರುವುದಿಲ್ಲ. ಇಎಸ್‌ಐ ಇದ್ದವರ ಅವಲಂಬಿತರಿಗೆ ಕೋವಿಡ್ ಕಾಲದಲ್ಲಿ ಸರಾಸರಿ ವೇತನದ ಶೇ 90ರಷ್ಟನ್ನು ಪ್ರತಿ ತಿಂಗಳು ಕೊಡುವ ಯೋಜನೆ ಬಂದಿತ್ತು. ಕೆಲಸ ಕೊಟ್ಟವರು ತಾವಾಗಿ ಹೇಳಲಿ ಎಂದು ಕಾಯದೆ ಕಚೇರಿಗೆ ಹೋಗಿ ಕೇಳಿ. ಬದುಕಿರುವವರು ಈಗಲೇ ನಾಮಿನಿ ಹೆಸರು ತುಂಬಿಸಲಿ.

ಅರ್ಜಿ ತಿರಸ್ಕಾರವಾದರೆ

ಕೌಂಟರಿನಲ್ಲಿ ‘ಆಗಲ್ಲ’ ಎಂದರೆ ಅದನ್ನು ಬರೆದುಕೊಡಲು ಹೇಳಿ. ಕೊಡದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ; 30 ದಿನದಲ್ಲಿ ಉತ್ತರ ಬರಬೇಕು. ಇಸ್ತ್ರಿ ಅಣ್ಣನ ವಿಷಯದಲ್ಲಿ ಆ ಮಟ್ಟಕ್ಕೆ ಹೋಗಬೇಕಾಗಲಿಲ್ಲ, ಅರ್ಜಿಯನ್ನು ಮಾತ್ರ ಬರೆದಿಟ್ಟುಕೊಂಡಿದ್ದೆವು. ಹಾಳೆಯಲ್ಲಿ ಕಥೆಯೆಲ್ಲ ಬರೆಯಬೇಡಿ. ಸ್ವೀಕೃತಿ ಸಂಖ್ಯೆ ಹಾಕಿ ಮೂರೇ ಪ್ರಶ್ನೆ ಕೇಳಿ: ನನ್ನ ಅರ್ಜಿ ಈಗ ಯಾರ ಮೇಜಿನ ಮೇಲಿದೆ, ಹಣ ಹೋಗಿದ್ದರೆ ಯಾವ ದಿನ ಯಾವ ಬ್ಯಾಂಕಿಗೆ ಹೋಗಿದೆ, ತಿರಸ್ಕರಿಸಿದ್ದರೆ ಯಾವ ಆದೇಶದ ಯಾವ ಷರತ್ತಿನ ಪ್ರಕಾರ.