ಆ ಗೆರೆ ಸುಕ್ಕೋ, ನೆರಳೋ? ಹಳೇ ಗೇಮ್ ಪಾತ್ರಕ್ಕೆ ಹೊಸ ಮುಖ ಮಾಡಿದ ಅನುಭವ

ಹಳೇ ಗೇಮ್‌ನ ರಿಮೇಕ್ ಅಂದ ಕೂಡಲೇ ಜನ ಕೇಳುವುದು ಪಾಲಿಗನ್ ಲೆಕ್ಕ, ಅಂದರೆ ಪಾತ್ರದ ಆಕಾರ ಕಟ್ಟುವ ಚಪ್ಪಟೆ ತುಂಡುಗಳ ಲೆಕ್ಕ. ಆಗ ಎಷ್ಟಿತ್ತು, ಈಗ ಎಷ್ಟಿದೆ? ಆ ಲೆಕ್ಕವೂ ಮಜವಾಗಿಯೇ ಇದೆ. 1996ರ ಕ್ರ್ಯಾಶ್ ಬ್ಯಾಂಡಿಕೂಟ್‌ನ ಇಡೀ ಮೈ 512 ಪಾಲಿಗನ್‌ಗಳಲ್ಲಿ ಮುಗಿದಿತ್ತು. ಈಗ ಮುಖ್ಯ ಪಾತ್ರದ ಕೂದಲಿಗೇ ಅದರ ಎಷ್ಟೋ ಪಟ್ಟು ಹೋಗುತ್ತದೆ. ಆದರೆ ಪಾಲಿಗನ್ ಜಾಸ್ತಿ ಮಾಡುವುದು ನಮ್ಮ ಕೆಲಸದಲ್ಲಿ ತೀರಾ ಸುಲಭದ್ದು. ಒಂದು ಬಟನ್ ಒತ್ತಿದರೆ ನಾಲ್ಕು ಪಟ್ಟಾಗುತ್ತದೆ. ನನಗೆ ಬೆವರಿಳಿಸುವುದು ಹಳೇ ಮುಖದ ಮೇಲೆ ಬಣ್ಣದಲ್ಲಿ ಬರೆದಿಟ್ಟ ಬೆಳಕು. ಅದನ್ನು ಕಿತ್ತು ತೆಗೆಯಬೇಕು.

ನಾನು ಬೆಂಗಳೂರಿನಲ್ಲಿ ಕ್ಯಾರೆಕ್ಟರ್ ಆರ್ಟಿಸ್ಟ್. ಹೊರದೇಶದ ಗೇಮ್‌ಗಳಿಗೆ ಇಲ್ಲಿಂದ ಮಾಡೆಲ್ ಮಾಡಿಕೊಡುವುದು ಹೊಸ ವಿಷಯವೇನಲ್ಲ. ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ ಈ ಊರಿನಲ್ಲಿ ಶುರುವಾಗಿದ್ದೇ 1997ರಲ್ಲಿ. ನಾನು ಹೇಳಹೊರಟಿರುವುದು ಪ್ಲೇಸ್ಟೇಷನ್ 2 ಕಾಲದ ಒಂದು ಗೇಮ್‌ನ ರಿಮೇಕ್ ಬಗ್ಗೆ. ಹೆಸರು ಹೇಳುವ ಹಾಗಿಲ್ಲ, ಒಪ್ಪಂದ ಹಾಗಿದೆ. ನನ್ನ ಪಾಲಿಗೆ ಬಂದವನು ಬಂದರಿನ ಒಬ್ಬ ಮುದುಕ ಕಾವಲುಗಾರ. ಹೀರೋ ಅಲ್ಲ, ಆದರೆ ಕಥೆಯಲ್ಲಿ ಆಗಾಗ ಎದುರಾಗಿ ಮಾತಾಡುತ್ತಾನೆ. ಹಾಗಾಗಿ ಕ್ಯಾಮೆರಾ ಅವನ ಮುಖದ ಹತ್ತಿರವೇ ಬಂದು ನಿಲ್ಲುತ್ತದೆ.

ಹಳೇ ಮುಖ ಇದ್ದದ್ದು 256 × 256 ಪಿಕ್ಸೆಲ್‌ನ ಟೆಕ್ಸ್ಚರ್‌ನಲ್ಲಿ, ಅಂದರೆ ಮಾಡೆಲ್ ಮೇಲೆ ಹೊದಿಸುವ ಚಿತ್ರದಲ್ಲಿ. ಹೊಸದು 4096 × 4096. ಹಿಂದೆ ಒಂದು ಪಿಕ್ಸೆಲ್ ಕೂತಿದ್ದ ಜಾಗದಲ್ಲಿ ಈಗ 256 ಪಿಕ್ಸೆಲ್ ಕೂರಬೇಕು. ಅವುಗಳಲ್ಲಿ ಏನು ತುಂಬಬೇಕು ಅನ್ನುವುದು ಹಳೇ ಫೈಲ್‌ನಲ್ಲಿ ಬರೆದಿರುವುದಿಲ್ಲ, ಅಲ್ವಾ?

ಆ ಕಾಲದವರ ಕಷ್ಟವನ್ನೂ ನೋಡಿ. ಪ್ಲೇಸ್ಟೇಷನ್ 2ರ ಮುಖ್ಯ ಮೆಮೊರಿ 32 ಎಂಬಿ, ಗ್ರಾಫಿಕ್ಸ್ ಚಿಪ್‌ನೊಳಗೆ 4 ಎಂಬಿ. ಮುಖದ ಮೇಲೆ ಬೆಳಕು ಹೇಗೆ ಬೀಳುತ್ತದೆ ಎಂದು ಸೂಕ್ಷ್ಮವಾಗಿ ಲೆಕ್ಕ ಹಾಕಲು ಅದಕ್ಕೆ ಪುರುಸೊತ್ತಿಲ್ಲ. ಅದಕ್ಕೇ ಕಲಾವಿದರು ನೆರಳನ್ನೂ ಕೈಯಿಂದಲೇ ಬರೆಯುತ್ತಿದ್ದರು. ಹುಬ್ಬಿನ ಕೆಳಗೆ ಕಪ್ಪು, ಮೂಗಿನ ಕೆಳಗೆ ಕಂದು, ಹಣೆ ಮೇಲೆ ಹೊಳಪು. ಅಷ್ಟು ಚಿಕ್ಕ ಜಾಗದಲ್ಲಿ ಅವರು ಮಾಡಿದ್ದನ್ನು ದೊಡ್ಡದು ಮಾಡಿ ನೋಡಿದಾಗ ನಾನು ಕೈಮುಗಿದಿದ್ದೇನೆ.

ಇವತ್ತಿನ ಎಂಜಿನ್‌ಗೆ, ಅಂದರೆ ಗೇಮ್ ನಡೆಸುವ ಸಾಫ್ಟ್‌ವೇರ್‌ಗೆ, ಅದೇ ನೆರಳು ತಲೆನೋವು. ಈಗ ಚರ್ಮದ ಬಣ್ಣಕ್ಕೆ ಒಂದು ಮ್ಯಾಪ್ (ಹೊದಿಸುವ ಚಿತ್ರ), ನುಣುಪು ಎಷ್ಟು ಒರಟು ಎಷ್ಟು ಅನ್ನುವುದಕ್ಕೆ ಇನ್ನೊಂದು, ಸಣ್ಣ ಉಬ್ಬುತಗ್ಗಿಗೆ ನಾರ್ಮಲ್ ಮ್ಯಾಪ್. ನೆರಳು ಬೀಳಿಸುವುದು ಎಂಜಿನ್ ಕೆಲಸ. ಬಣ್ಣದ ಮ್ಯಾಪ್‌ನಲ್ಲಿ ಹಳೇ ನೆರಳು ಉಳಿದುಬಿಟ್ಟರೆ, ಲಾಂದ್ರದ ಬೆಳಕು ಕೆಳಗಿನಿಂದ ಬಂದಾಗಲೂ ಮೂಗಿನ ಕೆಳಗೆ ಕತ್ತಲೆಯೇ. ಸ್ನಾನ ಮಾಡದವನ ಹಾಗೆ ಕಾಣುತ್ತಾನೆ.

ಹಾಗಾಗಿ ನಾನು ಮೊದಲು ಸ್ಕಲ್ಪ್ಟ್ ಮಾಡಲು, ಅಂದರೆ ಕಂಪ್ಯೂಟರ್‌ನಲ್ಲಿ ಮುಖ ಕೆತ್ತಲು, ಕೂರಲಿಲ್ಲ. ಹಳೇ ಟೆಕ್ಸ್ಚರ್ ಮೇಲೆ ಒಂದು ಲೇಯರ್ ಹಾಕಿ, ಕಪ್ಪಾಗಿರುವ ಪ್ರತಿ ಜಾಗಕ್ಕೂ ಗುರುತು ಮಾಡಿದೆ. ಕೈಯಿಂದ ಬರೆದ ಬೆಳಕು ಸಾಮಾನ್ಯವಾಗಿ ಮೇಲಿನಿಂದಲೇ ಬರುತ್ತದೆ. ಆ ಲೆಕ್ಕಕ್ಕೆ ಹೊಂದುವ ಕಪ್ಪೆಲ್ಲ ನೆರಳು, ಅದನ್ನು ಅಳಿಸಿ ಆಕಾರವಾಗಿ ಕೆತ್ತಬೇಕು. ಹೊಂದದ ಕಪ್ಪು ಅವನದೇ. ಸುಕ್ಕು, ಮಚ್ಚೆ, ಗಡ್ಡದ ಬೇರು. ಅದು ಉಳಿಯಬೇಕು.

ಒಂದೇ ಒಂದು ಗೆರೆ ಎರಡು ಕಡೆಗೂ ಸೇರಲಿಲ್ಲ. ಕೆನ್ನೆಮೂಳೆಯಿಂದ ದವಡೆವರೆಗೆ ಓರೆಯಾಗಿ ಇಳಿದಿತ್ತು, ಎರಡೂ ಕೆನ್ನೆಯಲ್ಲಿ. ಅದರ ಕಥೆ ಆಮೇಲೆ ಹೇಳುತ್ತೇನೆ.

ಈ ವಿಂಗಡಣೆಯನ್ನು ಪ್ರೋಗ್ರಾಂಗೆ ಬಿಡಬಹುದಲ್ಲ ಎಂದು ಹೊಸ ಹುಡುಗರು ಕೇಳುತ್ತಾರೆ. ಜಿಟಿಎ ಸರಣಿಯ ಮೂರು ಹಳೇ ಗೇಮ್‌ಗಳನ್ನು ಹೊಸದಾಗಿಸಿದ 2021ರ ಡೆಫಿನಿಟಿವ್ ಎಡಿಷನ್ ನೆನಪು ಮಾಡಿಕೊಳ್ಳಿ. ಅವುಗಳಲ್ಲೊಂದಾದ ಸ್ಯಾನ್ ಆಂಡ್ರಿಯಾಸ್‌ನಲ್ಲಿ ಒಂದು ಡೋನಟ್ ಅಂಗಡಿಯ ಬೋರ್ಡ್ ಮೇಲೆ ಆರು ಮೂಲೆಯ ನಟ್ ಇತ್ತು. ‘ಟಫ್ ನಟ್’ ಎಂಬ ಅಂಗಡಿ ಹೆಸರಿನ ತಮಾಷೆಯೇ ಆ ನಟ್. ಹೊಸ ಆವೃತ್ತಿಯಲ್ಲಿ ಅದು ದುಂಡಗಾಗಿಬಿಟ್ಟಿತ್ತು. ಪಾಲಿಗನ್ ಕೊರತೆಯಿಂದ ಬಂದ ಮೂಲೆ ಯಾವುದು, ಬೇಕು ಅಂತ ಇಟ್ಟ ಮೂಲೆ ಯಾವುದು ಅನ್ನುವುದು ನುಣುಪು ಮಾಡುವ ಯಂತ್ರಕ್ಕೆ ತಿಳಿಯುವುದಿಲ್ಲ. ಆ ಆವೃತ್ತಿಯ ಸ್ಥಿತಿಗೆ ಜಿಟಿಎ ಕಂಪನಿ ರಾಕ್‌ಸ್ಟಾರ್ ಆಮೇಲೆ ಕ್ಷಮೆ ಕೇಳಿತು.

ಆಮೇಲಿನದ್ದು ಎಲ್ಲರೂ ಮಾಡುವ ಕೆಲಸ. ಜಿಬ್ರಶ್ ಎಂಬ ಕೆತ್ತನೆಯ ಸಾಫ್ಟ್‌ವೇರ್‌ನಲ್ಲಿ ಕೋಟಿಗಟ್ಟಲೆ ಪಾಲಿಗನ್‌ನ ಸ್ಕಲ್ಪ್ಟ್, ಅದರ ಮೇಲೆ ಗೇಮ್‌ಗೆ ಹಗುರವಾದ ಮೆಶ್ (ಪಾಲಿಗನ್‌ಗಳ ಬಲೆ), ಚಿತ್ರ ಹೊದಿಸಲು ಆ ಬಲೆಯನ್ನು ಚಪ್ಪಟೆಯಾಗಿ ಬಿಡಿಸುವ ಯುವಿ, ಸ್ಕಲ್ಪ್ಟ್‌ನ ಸೂಕ್ಷ್ಮ ವಿವರವನ್ನು ಮ್ಯಾಪ್‌ಗೆ ಇಳಿಸುವ ಬೇಕ್. ಸ್ಕಲ್ಪ್ಟ್ ಮಾಡುವಾಗ ಹಳೇ ಮಾಡೆಲನ್ನು ಪಕ್ಕದಲ್ಲಿ ಪೂರ್ತಿ ಕಪ್ಪು ಬಣ್ಣದಲ್ಲಿ ನಿಲ್ಲಿಸಿಕೊಳ್ಳುತ್ತೇನೆ. ಬರೀ ಹೊರರೇಖೆ ಕಾಣಬೇಕು. ಬಾಗಿದ ಭುಜ, ಮುಂದೆ ಚಾಚಿದ ಕುತ್ತಿಗೆ, ಅಗಲ ಟೋಪಿ. ಅದು ಹೊಂದಿದರೆ ಅರ್ಧ ಕೆಲಸ ಆಯಿತು.

ಕಣ್ಣಿಗೆ ಮಾತ್ರ ಟೈಮ್ ಹಿಡಿಯಿತು. ಹಳೇ ಮಾಡೆಲ್‌ನಲ್ಲಿ ಕಣ್ಣು ಅಂದರೆ ಚಪ್ಪಟೆ ಚಿತ್ರ. ಹೊಸದರಲ್ಲಿ ಗುಡ್ಡೆ ಬೇರೆ, ಅದರ ಮೇಲೆ ಪಾರದರ್ಶಕ ಕಾರ್ನಿಯಾ ಬೇರೆ, ಕೆಳರೆಪ್ಪೆ ಅಂಚಿನಲ್ಲಿ ನೀರಿನ ಹಾಗೆ ಮಿಂಚುವ ತೆಳು ಪಟ್ಟಿ ಬೇರೆ. ಆ ಪಟ್ಟಿ ತೆಗೆದು ನೋಡಿ, ಗಾಜಿನ ಗೊಂಬೆ ನಿಮ್ಮನ್ನು ನೋಡುತ್ತಿರುತ್ತದೆ. ಚರ್ಮವೂ ಅಷ್ಟೆ. ಬೆಳಕು ಚರ್ಮದೊಳಗೆ ಸ್ವಲ್ಪ ಇಳಿದು, ಕೆಂಪಾಗಿ ಹೊರಬರಬೇಕು. ಕಿವಿಯ ಹಿಂದೆ ಒಂದು ದೀಪ ಇಟ್ಟು ಪರೀಕ್ಷೆ ಮಾಡುತ್ತೇನೆ.

ಕೂದಲಲ್ಲಿ ನಮ್ಮ ಮುದುಕ ನನ್ನನ್ನು ಉಳಿಸಿದ, ಟೋಪಿ ಇತ್ತು. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. ಲಾರಾ ಕ್ರಾಫ್ಟ್ ನೋಡಿ. 1996ರ ಟೂಂಬ್ ರೈಡರ್ ಆಡುವಾಗ ಅವಳಿಗೆ ತುರುಬು. ಓಲಾಡುವ ಜಡೆ ಬಂದಿದ್ದು 1997ರ ಎರಡನೇ ಗೇಮ್‌ನಲ್ಲಿ. 2013ರ ಗೇಮ್‌ನ ಪಿಸಿ ಆವೃತ್ತಿಯಲ್ಲಿ ಚಿಪ್ ಕಂಪನಿ ಎಎಂಡಿಯ ಟ್ರೆಸ್‌ಎಫ್‌ಎಕ್ಸ್ ಎಂಬ ಕೂದಲಿನ ತಂತ್ರ ಬಂದು, ಕೂದಲು ಎಳೆಎಳೆಯಾಗಿ ಗಾಳಿಗೆ ಹಾರತೊಡಗಿತು. ಸೀಕ್ವೆಲ್ ಮಾಡುವವರಿಗೆ ನನಗಿಂತ ಒಂದು ಸೌಕರ್ಯ ಜಾಸ್ತಿ. ಪಾತ್ರಕ್ಕೆ ವಯಸ್ಸಾಗಿದೆ, ಬದಲಾಗಿದೆ ಎಂದು ಹೇಳಬಹುದು. ರಿಮೇಕ್‌ನವರಿಗೆ ಆ ನೆಪ ಇಲ್ಲ. 2020ರ ಸ್ಪೈಡರ್‌ಮ್ಯಾನ್ ರಿಮಾಸ್ಟರ್ಡ್‌ನಲ್ಲಿ ಪೀಟರ್‌ನ ಮುಖವನ್ನೇ ಬದಲಿಸಿದರು. ಅಭಿನಯ ಕೊಟ್ಟ ನಟನ ಮುಖದ ಚಲನೆಗೆ ಹೊಸ ಮುಖ ಚೆನ್ನಾಗಿ ಹೊಂದುತ್ತದೆ ಅನ್ನುವುದು ಅವರ ಕಾರಣ. ರಿಗ್ ಕೆಲಸ (ಮುಖ ಅಲುಗಾಡಿಸುವ ಒಳಚೌಕಟ್ಟು ಕಟ್ಟುವುದು) ಗೊತ್ತಿರುವವರಿಗೆ ಆ ಕಾರಣ ಸರಿ ಅನಿಸುತ್ತದೆ. ಆಟಗಾರರು ಮಾತ್ರ ನಮ್ಮ ಪೀಟರ್ ಎಲ್ಲಿ ಎಂದು ಗಲಾಟೆ ಮಾಡಿದರು.

ಈಗ ಆ ಗೆರೆ. ಹಿಂದೆ ಮೆಮೊರಿ ಉಳಿಸಲು ಅರ್ಧ ಮುಖವನ್ನು ಮಾತ್ರ ಬರೆದು, ಅದನ್ನೇ ತಿರುಗಿಸಿ ಇನ್ನರ್ಧಕ್ಕೆ ಅಂಟಿಸುವುದು ಮಾಮೂಲು. ನಮ್ಮ ಮುದುಕನದೂ ಅದೇ. ಹಾಗಾಗಿ ಎಡಕ್ಕಿದ್ದದ್ದೆಲ್ಲ ಬಲಕ್ಕೂ ಇತ್ತು. ಕ್ಲೈಂಟ್ ಹತ್ತಿರ ಮೂಲ ಪೆನ್ಸಿಲ್ ಚಿತ್ರ ಇದ್ದರೆ ಕಳಿಸಿ ಎಂದು ಕೇಳಿದೆ. ಬಂತು. ಅದರಲ್ಲಿ ಆ ಗೆರೆ ಎಡಗೆನ್ನೆಯ ಮೇಲೆ ಮಾತ್ರ. ಸುಕ್ಕೂ ಅಲ್ಲ, ನೆರಳೂ ಅಲ್ಲ, ಹಳೇ ಕತ್ತಿಯೇಟು!

ನಾನು ಎಡಕ್ಕೆ ಮಾತ್ರ ಗಾಯ ಕೆತ್ತಿ, ಬಲಗೆನ್ನೆ ನುಣುಪು ಮಾಡಿ ಕಳಿಸಿದೆ. ಬರೆದವರ ಮನಸ್ಸಿನಲ್ಲಿ ಇದ್ದದ್ದು ಅದೇ ಎಂದು ವಾದವನ್ನೂ ಮಾಡಿದೆ. ಅಲ್ಲಿನ ಆರ್ಟ್ ಡೈರೆಕ್ಟರ್ ಒಪ್ಪಲಿಲ್ಲ. ಆಟಗಾರರು ಇಷ್ಟು ವರ್ಷ ನೋಡಿದ್ದು ಗುಳಿಬಿದ್ದ ಎರಡು ಕೆನ್ನೆಯ ಮುದುಕನನ್ನು, ಒಂದು ಕಡೆ ತುಂಬಿದರೆ ಬೇರೆ ಯಾರೋ ಆಗುತ್ತಾನೆ ಎಂದರು. ಕೊನೆಗೆ ಎಡಕ್ಕೆ ಗಾಯ, ಬಲಕ್ಕೆ ಅದೇ ಜಾಗದಲ್ಲಿ, ಅದೇ ಓರೆಯಲ್ಲಿ ಒಂದು ಆಳದ ಸುಕ್ಕು. ಅಷ್ಟು ಓರೆಯಾದ ಸುಕ್ಕು ಯಾವ ಮುದುಕನ ಕೆನ್ನೆಯಲ್ಲೂ ಬೀಳುವುದಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ. ಫೈಲ್ ಮಾತ್ರ ಅವರು ಹೇಳಿದ ಹಾಗೇ ಹೋಯಿತು.