ಒಂದು ಕಡ್ಡಿ ಸಿಗ್ನಲ್‌ನಲ್ಲಿ ಮೇಲ್ ಹುಡುಕುವುದು

ಕಪ್ಪು ಪರದೆಯ ತುಂಬ ಬಿಳಿ ಸಾಲುಗಳು. ಮೊದಲ ದಿನ ಅದನ್ನು ನೋಡಿ ಆಯಿ ಕೇಳಿದ್ದಳು, "ಇದೆಂತದೋ ತಮಾ, ಕಂಪ್ಯೂಟರ್ ಹಾಳಾಗೋತಾ?" ಹಾಳಾಗಿರಲಿಲ್ಲ. ನಾನು ಮಟ್ ಅನ್ನೋ ಪ್ರೋಗ್ರಾಮಿನಲ್ಲಿ ಮೇಲ್ ಓದುತ್ತಿದ್ದೆ.

ನಮ್ಮ ಮನೆ ಶಿರಸಿ ಪೇಟೆಯಿಂದ ಸುಮಾರು ದೂರ, ಅಡಿಕೆ ತೋಟದ ತಲೆಯಲ್ಲಿ. ನನ್ನದು ಅನುವಾದದ ಕೆಲಸ, ವ್ಯವಹಾರವೆಲ್ಲ ಮೇಲ್‌ನಲ್ಲೇ. ಜೂನ್ ಬಂತು ಅಂದ್ರೆ ಕರೆಂಟ್ ಹೋಗುತ್ತದೆ, ಅದರ ಬೆನ್ನಿಗೇ ಟವರೂ ಹೋಗುತ್ತದೆ. ಉಳಿದ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಬ್ರೌಸರ್ ತೆರೆದರೆ, ಚಾ ಕುಡಿದು ಲೋಟ ತೊಳೆದಿಟ್ಟು ಬಂದರೂ ಚಕ್ರ ತಿರುಗುತ್ತಲೇ ಇರುತ್ತದೆ. ಮಟ್ 1995ರಲ್ಲಿ ಮೈಕೆಲ್ ಎಲ್ಕಿನ್ಸ್ ಶುರು ಮಾಡಿದ್ದು. ಚಿತ್ರವಿಲ್ಲ, ಬಟನ್ ಇಲ್ಲ, ಬರೀ ಅಕ್ಷರ. ನಮ್ಮ ಮಳೆಗಾಲಕ್ಕೆ ಇದೇ ಸರಿ ಅನ್ನಿಸಿತು.

ಹೊಂದಿಸುವುದು ಜನ ಹೆದರಿಸಿದಷ್ಟು ಕಷ್ಟವಿಲ್ಲ. ಮಟ್‌ಆರ್‌ಸಿ ಅನ್ನೋ ಒಂದೇ ಫೈಲು. ಅದರಲ್ಲಿ ಐಮ್ಯಾಪ್ (ಮೇಲನ್ನು ಸರ್ವರ್‌ನಲ್ಲೇ ಇಟ್ಟು ಓದುವ ವಿಧಾನ) ವಿಳಾಸ, ನಿಮ್ಮ ಹೆಸರು, ಕಳಿಸುವ ಸರ್ವರ್. ಜಿಮೇಲ್ ಆದರೆ ಇಂಥ ಪ್ರೋಗ್ರಾಮಿಗಾಗಿಯೇ ಗೂಗಲ್ ಬೇರೆಯಾಗಿ ಕೊಡುವ 16 ಅಕ್ಷರದ ಆಪ್ ಪಾಸ್‌ವರ್ಡ್ ಬೇಕು. ಅದನ್ನು ಫೈಲಿನಲ್ಲಿ ಹಾಗೇ ಬರೆದಿಡಬೇಡಿ, ಜಿಪಿಜಿ ಅನ್ನೋ ಗುಪ್ತಲಿಪಿ ಪ್ರೋಗ್ರಾಮಿನಲ್ಲಿ ಮುಚ್ಚಿಟ್ಟು ಅಲ್ಲಿಂದ ಓದಿಸಿ. ಹೆಡರ್ ಕ್ಯಾಶ್ ಅನ್ನೋ ಸಾಲನ್ನು ಮಾತ್ರ ಮರೆಯಬೇಡಿ. ಅದು ಇಲ್ಲದಿದ್ದರೆ ಪ್ರತಿ ಸಲ ತೆರೆದಾಗಲೂ ಎಲ್ಲ ಮೇಲ್‌ಗಳ ತಲೆಬರಹ (ಯಾರಿಂದ, ವಿಷಯ, ತಾರೀಖು) ಮತ್ತೆ ಇಳಿಯುತ್ತದೆ. ನನಗೆ ಮೊದಲ ಸಲ ಒಂದು ಇಡೀ ಸಂಜೆ ಹಿಡಿಯಿತು. ಆಮೇಲೆ ಒಂದೆರಡು ಸೆಕೆಂಡಿನ ಕೆಲಸ.

ನಾನು ಮಟ್‌ಗೆ ಅಂಟಿಕೊಂಡದ್ದು ಹುಡುಕಾಟದ ಪ್ಯಾಟರ್ನ್‌ಗಳಿಂದ. ಎಲ್ ಒತ್ತಿದರೆ ಕೆಳಗೆ ಒಂದು ಖಾಲಿ ಸಾಲು ಬರುತ್ತದೆ. ಅಲ್ಲಿ ಬರೆದದ್ದಕ್ಕೆ ಹೊಂದುವ ಮೇಲ್ ಮಾತ್ರ ಉಳಿದು ಮಿಕ್ಕದ್ದೆಲ್ಲ ಮರೆಯಾಗುತ್ತದೆ. ಮತ್ತೆ ಎಲ್ ಒತ್ತಿ 'ಆಲ್' ಅಂದರೆ ಎಲ್ಲ ವಾಪಸ್. ಟಿಲ್ಡೆ ಗುರುತಿನ ಜೊತೆ ಒಂದು ಅಕ್ಷರ, ಅಷ್ಟೇ: ~ಎಫ್ ಅಂದರೆ ಕಳಿಸಿದವರು, ~ಎಸ್ ವಿಷಯ, ~ಡಿ ತಾರೀಖು, ~ಬಿ ಒಳಗಿನ ಬರಹ. (ಒತ್ತುವುದು ಇಂಗ್ಲಿಷಿನ ಸಣ್ಣ ಅಕ್ಷರಗಳನ್ನೇ.) ಪಕ್ಕಪಕ್ಕ ಬರೆದರೆ ಎರಡೂ ಹೊಂದಬೇಕು. ನಡುವೆ ನಿಂತ ಗೆರೆ ಎಳೆದರೆ ಯಾವುದಾದರೊಂದು ಸಾಕು. ಮುಂದೆ ಆಶ್ಚರ್ಯದ ಗುರುತು ಹಾಕಿದರೆ ಅದೊಂದನ್ನು ಬಿಟ್ಟು ಬೇರೆಯವು.

ಒಂದು ರಾತ್ರಿ ಹಳೇ ಬಿಲ್ಲು ಬೇಕಿತ್ತು. ಯಾರು ಕಳಿಸಿದ್ದು ಅಂತ ನೆನಪಿಲ್ಲ. ಸುಮ್ನೆ ~ಬಿ ಹಾಕಿ ಒಂದು ಪದ ಬರೆದೆ. ಫೋನಿನ ಹಾಟ್‌ಸ್ಪಾಟ್‌ನಲ್ಲಿದ್ದೆ. ಪರದೆಯ ಕೆಳಗೆ ಎಣಿಕೆ ಏರುತ್ತಾ ಹೋಯಿತು. ಊಟ ಮುಗಿಸಿ ಬರುವಷ್ಟರಲ್ಲಿ ದಿನದ ಡೇಟಾ ಖಾಲಿ ಅಂತ ಮೆಸೇಜು. ಆಗಿದ್ದು ಇಷ್ಟೆ: ನನ್ನ ಹತ್ತಿರ ಇದ್ದದ್ದು ತಲೆಬರಹ ಮಾತ್ರ, ಒಳಗಿನದೆಲ್ಲ ಸರ್ವರ್‌ನಲ್ಲಿ. ~ಬಿ ಅಂದ ಕೂಡಲೇ ಮಟ್ ಒಂದೊಂದೇ ಮೇಲನ್ನು ಅಟ್ಯಾಚ್‌ಮೆಂಟ್ ಸಮೇತ ಇಳಿಸಿಕೊಂಡು ನೋಡತೊಡಗಿತ್ತು. ಟಿಲ್ಡೆಯ ಬದಲು ಸಮ ಗುರುತು ಹಾಕಿ =ಬಿ ಅಂದಿದ್ದರೆ ಹುಡುಕುವ ಕೆಲಸವನ್ನು ಸರ್ವರ್ ಮಾಡಿ, ಯಾವ್ಯಾವುದು ಅಂತ ಮಾತ್ರ ಹೇಳುತ್ತಿತ್ತು. ಈ ಒಂದು ಗುರುತಿನ ವ್ಯತ್ಯಾಸ ಕೈಪಿಡಿಯಲ್ಲೇ ಇದೆ. ಕೈಪಿಡಿ ಯಾರು ಓದುತ್ತಾರೆ, ಅಲ್ವಾ?

ಅವತ್ತಿನಿಂದ ಯಾವ ಪ್ಯಾಟರ್ನ್ ಅಗ್ಗ, ಯಾವುದು ದುಬಾರಿ ಅಂತ ಲೆಕ್ಕ ಇಟ್ಟಿದ್ದೇನೆ. ಅಟ್ಯಾಚ್‌ಮೆಂಟ್ ಎಣಿಸುವ ~ಎಕ್ಸ್ (ಇದೊಂದು ಮಾತ್ರ ದೊಡ್ಡ ಅಕ್ಷರ) ದುಬಾರಿ, ಅದಕ್ಕೂ ಮೇಲ್ ಪೂರ್ತಿ ಇಳಿಯಬೇಕು. ಗಾತ್ರ ನೋಡುವ ~ಝಡ್ ಅಗ್ಗ, ಗಾತ್ರವನ್ನು ತಲೆಬರಹದ ಜೊತೆಗೇ ಸರ್ವರ್ ಹೇಳಿರುತ್ತದೆ. ಹಾಗಾಗಿ ಅಪ್ಪಯ್ಯ "ಎರಡು ವರ್ಷದ ಹಿಂದೆ ಚಾಲಿ ಕೊಟ್ಟ ಪಟ್ಟಿ ಮೇಲಿಗೆ ಬಂದಿತ್ತಲ" (ಚಾಲಿ ಅಂದರೆ ಒಣಗಿಸಿ ಸುಲಿದ ಅಡಿಕೆ) ಅಂದಾಗ ನಾನು ಬರೆದದ್ದು: ~ಡಿ 01/06/2023-30/06/2023, ಅದರ ಪಕ್ಕ ~ಝಡ್ >100ಕೆ. ದಿನ ಮೊದಲು, ತಿಂಗಳು ಆಮೇಲೆ, ನಮ್ಮ ಲೆಕ್ಕದಂತೆಯೇ. ಏಳೋ ಎಂಟೋ ಮೇಲ್ ಉಳಿದವು. ಪಟ್ಟಿ ಮೂರನೆಯದರಲ್ಲಿತ್ತು.

ತಾರೀಖಿನಲ್ಲಿ ಒಂದು ಎಡವಟ್ಟೂ ಆಗಿದೆ. ದೊಡ್ಡ ಡಿ ಒತ್ತಿದರೆ ಪ್ಯಾಟರ್ನ್‌ಗೆ ಹೊಂದುವ ಎಲ್ಲ ಮೇಲ್‌ಗೂ ಅಳಿಸುವ ಗುರುತು ಬೀಳುತ್ತದೆ. ವರ್ಷಕ್ಕಿಂತ ಹಳೆಯದನ್ನು ತೆಗೆಯಲು ಹೋಗಿ ~ಡಿ <1ವೈ ಅಂತ ಬರೆದೆ. ಇಲ್ಲಿ < ಅಂದರೆ ಇತ್ತೀಚಿನದು, > ಅಂದರೆ ಹಳೆಯದು. ಈ ವರ್ಷದ ಕೆಲಸದ ಮೇಲ್ ಎಲ್ಲದರ ಮುಂದೂ ಡಿ ಗುರುತು! ಪುಣ್ಯಕ್ಕೆ ಮಟ್ ತಕ್ಷಣ ಅಳಿಸುವುದಿಲ್ಲ. ಸಣ್ಣ ಎಕ್ಸ್ ಒತ್ತಿ ಹೊರಬಂದರೆ ಗುರುತು ಹಾಕಿದ್ದೆಲ್ಲ ಅಲ್ಲಿಗೇ ರದ್ದು. ಈಗ ಮೊದಲು ಎಲ್ ಒತ್ತಿ ನೋಡುತ್ತೇನೆ, ಆಮೇಲೆ ದೊಡ್ಡ ಡಿ.

ಕನ್ನಡದಲ್ಲಿ ಹುಡುಕಬಹುದಾ? ಧಾರಾಳವಾಗಿ, ಟರ್ಮಿನಲ್ (ಮಟ್ ಓಡುವ ಆ ಕಪ್ಪು ಪರದೆ) ಎಲ್ಲ ಭಾಷೆಯ ಅಕ್ಷರ ತಿಳಿಯುವ ಯುಟಿಎಫ್-8ರಲ್ಲಿ ಇದ್ದರೆ. ಒತ್ತಕ್ಷರ ಕೆಲವು ಟರ್ಮಿನಲ್‌ಗಳಲ್ಲಿ ಒಡೆದು ಕಾಣುತ್ತವೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ನನ್ನನ್ನು ಜಾಸ್ತಿ ಕಾಡಿದ್ದು ಬೇರೆ. 'ಸಾಫ್ಟ್‌ವೇರ್' ಅಂತ ಹುಡುಕಿದರೆ ಕಣ್ಣೆದುರೇ ಇರುವ ಮೇಲ್ ಸಿಗುತ್ತಿರಲಿಲ್ಲ. ಟ್ ಮತ್ತು ವೇ ನಡುವೆ ಕಾಣದ ಒಂದು ಅಕ್ಷರ ಕೂತಿರುತ್ತದೆ, ಒತ್ತಕ್ಷರ ಆಗದಂತೆ ತಡೆಯಲು. ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಪ್ಯಾಟರ್ನ್ ಅಂದರೆ ಗುರುತುಗಳಲ್ಲಿ ಪದದ ಆಕಾರ ಹೇಳುವ ರೆಗ್ಯುಲರ್ ಎಕ್ಸ್‌ಪ್ರೆಶನ್ ತಾನೆ? ಆ ಜಾಗದಲ್ಲಿ ಒಂದು ಚುಕ್ಕಿ, ಒಂದು ಪ್ರಶ್ನೆಚಿಹ್ನೆ ಇಟ್ಟೆ (ಚುಕ್ಕಿ ಅಂದರೆ ಯಾವುದಾದರೂ ಒಂದು ಅಕ್ಷರ, ಪ್ರಶ್ನೆಚಿಹ್ನೆ ಅಂದರೆ ಅದು ಇದ್ದರೂ ಸರಿ, ಇಲ್ಲದಿದ್ದರೂ ಸರಿ): ~ಎಸ್ ಸಾಫ್ಟ್.?ವೇರ್. ಹಾಕಿದವರದೂ ಬಂತು, ಹಾಕದವರದೂ ಬಂತು.