ಅಪ್ಲಿಕೇಶನ್ ಕೋಡ್‌ನಿಂದಲೇ ಎಸ್‌ಕ್ಯೂಎಲ್ ಸರ್ವರ್ ಬ್ಯಾಕಪ್ ರಿಸ್ಟೋರ್ ಮಾಡುವುದು

ಸಿ ಶಾರ್ಪ್ ಕೋಡ್‌ನಿಂದ ರಿಸ್ಟೋರ್ (ಬ್ಯಾಕಪ್‌ನಿಂದ ಡೇಟಾಬೇಸನ್ನು ಮರಳಿ ತರುವ) ಆಜ್ಞೆ ಕಳಿಸಿದರೂ ಬ್ಯಾಕಪ್ ಫೈಲನ್ನು ಓದುವುದು ಎಸ್‌ಕ್ಯೂಎಲ್ ಸರ್ವರ್, ನಿಮ್ಮ ಪ್ರೋಗ್ರಾಂ ಅಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ನೀವು ಕೊಡುವ ಪಾಥ್ ಸರ್ವರ್ ಯಂತ್ರದ್ದಾಗಿರಬೇಕು. ಬಳಕೆದಾರ ತನ್ನ ಲ್ಯಾಪ್‌ಟಾಪಿನಲ್ಲಿ ಆರಿಸಿದ ಫೈಲ್ ಸರ್ವರ್‌ಗೆ ಕಾಣಿಸದು. ಫೋಲ್ಡರ್ ಓದುವ ಅನುಮತಿಯೂ ಸರ್ವರ್ ಸರ್ವಿಸ್ ಓಡುವ ಖಾತೆಗೇ ಬೇಕು. 3201 ಎರರ್ ಜೊತೆ ಆಪರೇಟಿಂಗ್ ಸಿಸ್ಟಮ್ ಎರರ್ 5 ಬಂದರೆ ಅನುಮತಿ ಇಲ್ಲ, 2 ಬಂದರೆ ಆ ಜಾಗದಲ್ಲಿ ಫೈಲೇ ಇಲ್ಲ.

ರಿಸ್ಟೋರ್ ಮಾಡುವ ಲಾಗಿನ್‌ಗೆ (ಸರ್ವರ್ ಪ್ರವೇಶದ ಖಾತೆಗೆ) ಡಿಬಿಕ್ರಿಯೇಟರ್ ರೋಲ್, ಅಂದರೆ ಆ ಹೆಸರಿನ ಹಕ್ಕುಗಳ ಗುಂಪು, ಕೊಡಿ. ಡಿಬಿ ಓನರ್ ರೋಲ್ ಇದ್ದಮಾತ್ರಕ್ಕೆ ರಿಸ್ಟೋರ್ ಹಕ್ಕು ಬರುವುದಿಲ್ಲ. ಅಪ್ಲಿಕೇಶನ್ ದಿನನಿತ್ಯ ಬಳಸುವ ಲಾಗಿನ್‌ಗೆ ಈ ಹಕ್ಕು ಬೇಡ, ಪ್ರತ್ಯೇಕ ಲಾಗಿನ್ ಇರಲಿ.

ಹಳೆಯ ಡೇಟಾಬೇಸ್ ಮೇಲೆ ಕೈಯಿಡುವ ಮೊದಲು ಬ್ಯಾಕಪ್ ಓದಲು ಬರುತ್ತದೆಯೇ ಎಂದು ನೋಡುವ 'ರಿಸ್ಟೋರ್ ವೆರಿಫೈಓನ್ಲಿ' ಓಡಿಸಿ. 'ಫೈಲ್‌ಲಿಸ್ಟ್‌ಓನ್ಲಿ'ಯಿಂದ ಡೇಟಾಬೇಸ್ ಫೈಲ್‌ಗಳ ಲಾಜಿಕಲ್ ಹೆಸರುಗಳನ್ನು (ಸರ್ವರ್ ಒಳಗೆ ಬಳಸುವ ಹೆಸರುಗಳನ್ನು) ತೆಗೆದುಕೊಳ್ಳಿ. ಡ್ರೈವ್ ಅಥವಾ ಫೋಲ್ಡರ್ ಬೇರೆಯಾಗಿದ್ದರೆ ಫೈಲ್‌ಗಳ ಹೊಸ ಜಾಗ ಹೇಳುವ 'ಮೂವ್' ಬರೆಯಲು ಅವು ಬೇಕು. ಈಗಿರುವ ಡೇಟಾಬೇಸನ್ನು 'ಕಾಪಿ ಓನ್ಲಿ' ಬ್ಯಾಕಪ್ ಮಾಡಿಡಿ, ಡಿಫರೆನ್ಷಿಯಲ್ (ಹಿಂದಿನ ಪೂರ್ಣ ಬ್ಯಾಕಪ್‌ನಿಂದೀಚಿನ ಬದಲಾವಣೆಗಳ) ಬ್ಯಾಕಪ್ ಸರಣಿ ಕದಲುವುದಿಲ್ಲ. 2022ರ ಆವೃತ್ತಿಯ ಬ್ಯಾಕಪ್ 2019ರಲ್ಲಿ ಏರುವುದಿಲ್ಲ, ಅದಕ್ಕೆ ಉಪಾಯವೂ ಇಲ್ಲ.

ಈಗ ಮುಖ್ಯ ಹೆಜ್ಜೆ. ಕನೆಕ್ಷನ್ ಸ್ಟ್ರಿಂಗ್‌ನಲ್ಲಿ (ಸರ್ವರ್‌ಗೆ ಜೋಡಿಸುವ ವಿವರದ ಸಾಲಿನಲ್ಲಿ) ಸರ್ವರ್‌ನ ಸ್ವಂತದ 'ಮಾಸ್ಟರ್' ಡೇಟಾಬೇಸ್ ಇರಲಿ. ರಿಸ್ಟೋರ್ ಆಗಬೇಕಾದ ಡೇಟಾಬೇಸ್‌ನಲ್ಲೇ ಕುಳಿತು ಆಜ್ಞೆ ಕೊಟ್ಟರೆ 'ಬಳಕೆಯಲ್ಲಿದೆ' ಎಂಬ 3102 ಎರರ್ ಖಚಿತ. ಇತರರನ್ನು ಹೊರಹಾಕಿ ಒಬ್ಬರಿಗೆ ಮಾತ್ರ ಜಾಗ ಬಿಡುವ 'ಸಿಂಗಲ್ ಯೂಸರ್ ವಿತ್ ರೋಲ್‌ಬ್ಯಾಕ್ ಇಮಿಡಿಯೇಟ್' ಮತ್ತು ಹಳೆಯದರ ಮೇಲೆ ಬರೆಯುವ 'ರಿಸ್ಟೋರ್ ಡೇಟಾಬೇಸ್ ವಿತ್ ರಿಪ್ಲೇಸ್' ಎರಡನ್ನೂ ಒಂದೇ ಬ್ಯಾಚ್‌ನಲ್ಲಿ ಕಳಿಸಿ. ಬಿಡಿಬಿಡಿಯಾಗಿ ಕಳಿಸಿದರೆ ನಡುವಿನ ಕ್ಷಣದಲ್ಲಿ ಯಾವುದೋ ಜಾಬ್ ಆ ಒಂದೇ ಜಾಗವನ್ನು ಹಿಡಿದುಬಿಡುತ್ತದೆ. 'ಆಲ್ಟರ್ ಡೇಟಾಬೇಸ್'ನಲ್ಲಿ ಹೆಸರನ್ನು ಪ್ಯಾರಾಮೀಟರ್ ಆಗಿ ಕೊಡಲಾಗದು. ಬಳಕೆದಾರ ಟೈಪ್ ಮಾಡಿದ್ದನ್ನು ನೇರ ಅಂಟಿಸದೆ, ನಿಮ್ಮದೇ ಪಟ್ಟಿಯಲ್ಲಿರುವ ಹೆಸರನ್ನಷ್ಟೇ ಒಪ್ಪಿ.

ಕಮಾಂಡ್ ಟೈಮ್‌ಔಟ್ (ಆಜ್ಞೆ ಮುಗಿಯಲು ಕಾಯುವ ಮಿತಿ) ತಾನಾಗಿ 30 ಸೆಕೆಂಡ್ ಇರುತ್ತದೆ. ದೊಡ್ಡ ಬ್ಯಾಕಪ್‌ಗೆ ಅದು ಏನೇನೂ ಸಾಲದು, 0 (ಮಿತಿಯಿಲ್ಲ) ಮಾಡಿ. ರಿಸ್ಟೋರ್ ಟ್ರಾನ್ಸಾಕ್ಷನ್ (ಎಲ್ಲವೂ ಒಟ್ಟಿಗೆ ಆಗುವ ಇಲ್ಲವೇ ರದ್ದಾಗುವ ಆಜ್ಞೆಗಳ ಕಟ್ಟು) ಒಳಗೆ ನಡೆಯುವುದಿಲ್ಲ (ಎರರ್ 3021). ಡೇಟಾಬೇಸ್ ಜೊತೆ ವ್ಯವಹರಿಸುವ ಲೈಬ್ರರಿಯಾದ ಎಂಟಿಟಿ ಫ್ರೇಮ್‌ವರ್ಕ್ 6 ತಾನಾಗಿಯೇ ಟ್ರಾನ್ಸಾಕ್ಷನ್ ಸುತ್ತುವುದರಿಂದ ಇಲ್ಲಿ ಸಾದಾ ಎಸ್‌ಕ್ಯೂಎಲ್ ಕಮಾಂಡ್ ಬಳಸುವುದೇ ಕ್ಷೇಮ. 'ಸ್ಟಾಟ್ಸ್ = 10' ಸೇರಿಸಿದರೆ ಎಷ್ಟು ಶೇಕಡಾ ಮುಗಿಯಿತೆಂಬುದು ಇನ್ಫೋಮೆಸೇಜ್ ಈವೆಂಟ್‌ನಲ್ಲಿ ಸಿಗುತ್ತದೆ.

'ಮಲ್ಟಿ ಯೂಸರ್'ಗೆ ಮರಳಿಸುವುದನ್ನು ಫೈನಲಿ ಬ್ಲಾಕ್‌ನಲ್ಲಿ ಬರೆಯಿರಿ. ರಿಸ್ಟೋರ್ ಅರ್ಧಕ್ಕೆ ನಿಂತು ಡೇಟಾಬೇಸ್ 'ರಿಸ್ಟೋರಿಂಗ್' ಸ್ಥಿತಿಯಲ್ಲಿ ಉಳಿದರೆ ಆ ಸಾಲೂ ಸೋಲುತ್ತದೆ. ಆಗ ಮೊದಲೇ ತೆಗೆದಿಟ್ಟ ಬ್ಯಾಕಪ್ಪನ್ನು ರಿಸ್ಟೋರ್ ಮಾಡಬೇಕು. ಎಲ್ಲ ಸರಿಹೋದ ಮೇಲೂ ಪೂಲ್‌ನಲ್ಲಿ (ಮರುಬಳಕೆಗೆ ಇಟ್ಟ ಕನೆಕ್ಷನ್‌ಗಳ ಸಂಗ್ರಹದಲ್ಲಿ) ಸತ್ತ ಕನೆಕ್ಷನ್‌ಗಳಿರುತ್ತವೆ, 'ಕ್ಲಿಯರ್ ಆಲ್ ಪೂಲ್ಸ್' ಕರೆಯಿರಿ. ಬ್ಯಾಕಪ್ ಬೇರೆ ಸರ್ವರ್‌ನಿಂದ ಬಂದಿದ್ದರೆ ಯೂಸರ್ (ಡೇಟಾಬೇಸ್ ಒಳಗಿನ ಖಾತೆ) ಮತ್ತು ಲಾಗಿನ್ ನಡುವಿನ ಕೊಂಡಿ ಕಳಚಿರಬಹುದು. 'ಆಲ್ಟರ್ ಯೂಸರ್ ... ವಿತ್ ಲಾಗಿನ್' ಆಜ್ಞೆಯಿಂದ ಅದನ್ನು ಮತ್ತೆ ಜೋಡಿಸಿ.